ಕಾರು ನಿಲ್ಲಿಸುವ ಹಕ್ಕು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಋತುವಿಗೆ ತಮ್ಮದೇ ತಂಡ ಕಟ್ಟಲು ಹೊರಟಿರುವ ಗೆಳೆಯರೇ,

ಕಾರು ರೇಸಿನ ಸಣ್ಣ ಹವ್ಯಾಸಿ ತಂಡವೊಂದು ವೇಗದ ತಂಡವಾಗುವುದು ಹೇಗೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ಟೈರಿಗೆ ಎಷ್ಟು ಗಾಳಿ ಇರಬೇಕು, ಸಸ್ಪೆನ್ಷನ್ ಹೇಗೆ ಹೊಂದಿಸಬೇಕು, ತಿರುವಿಗೆ ಮೊದಲು ಬ್ರೇಕನ್ನು ಎಲ್ಲಿ ತುಳಿಯಬೇಕು ಎಂಬುದನ್ನೆಲ್ಲ ಕೇಳಲು ನಿಮ್ಮಲ್ಲಿ ಅನೇಕರು ಪುಸ್ತಕ, ಪೆನ್ನು ಹಿಡಿದು ಕುಳಿತಿದ್ದೀರಿ. ಅದನ್ನೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನನ್ನನ್ನು ಕಾಡುತ್ತಿರುವ ಒಂದು ಮಾತನ್ನು ಇತ್ಯರ್ಥ ಮಾಡಿಕೊಳ್ಳಬೇಕಾಗಿದೆ. ಈಚೆಗೆ ನಮ್ಮ ಕೂಟಗಳಲ್ಲಿ ಒಂದು ಅಭಿಪ್ರಾಯ ಬಲವಾಗಿ ಕೇಳಿಬರುತ್ತಿದೆ: ಹಣ ಹಾಕಿದವನೇ ಕಾರು ಓಡಿಸಲಿ, ಓಡಿಸುವವನೇ ತೀರ್ಮಾನಗಳನ್ನೂ ಮಾಡಲಿ, ಉಳಿದವರು ಅವನು ಹೇಳಿದ ಕೆಲಸವನ್ನು ಮಾಡಿಕೊಂಡು ಹೋಗಲಿ, ಹಾಗಾದರೆ ಮಾತ್ರ ಸಣ್ಣ ತಂಡಗಳಲ್ಲಿ ಜಗಳಗಳು ನಿಲ್ಲುತ್ತವೆ ಎಂಬುದು ಆ ಅಭಿಪ್ರಾಯ. ಅದನ್ನು ಹೇಳುವವರಲ್ಲಿ ನನ್ನ ಆಪ್ತರೂ ಇದ್ದಾರೆ, ಅವರು ಕೆಟ್ಟ ಉದ್ದೇಶದಿಂದ ಹೇಳುತ್ತಿಲ್ಲ ಎಂಬುದೂ ನನಗೆ ಗೊತ್ತು. ಆದರೂ ಆ ಏರ್ಪಾಡು ಅಪಾಯಕಾರಿ ಎಂದೇ ನಾನು ನಂಬಿದ್ದೇನೆ. ಇಂದು ನಾನು ಹೇಳಬೇಕಾದದ್ದು ಒಂದೇ: ಸಣ್ಣ ತಂಡದಲ್ಲಿ ಯಾರಿಗೇ ಆಗಲಿ, ನಿನ್ನೆ ಬಂದು ಸೇರಿದವರಿಗೂ, ಏನೋ ಸರಿಯಿಲ್ಲ ಎನಿಸಿದಾಗ ಕಾರು ಓಡದಂತೆ ನಿಲ್ಲಿಸುವ ಹಕ್ಕು ಇರಬೇಕು. ಆ ಹಕ್ಕು ಇಲ್ಲದ ತಂಡ ಎಷ್ಟೇ ವೇಗದ್ದಾಗಿದ್ದರೂ ಅದರಲ್ಲಿ ನಾನು ನನ್ನ ಮಗನನ್ನಾಗಲಿ ಮಗಳನ್ನಾಗಲಿ ಕೂರಿಸುವುದಿಲ್ಲ.

ನಮ್ಮ ತಂಡಗಳ ಸ್ವರೂಪ ನಿಮಗೆ ಹೊಸದಲ್ಲ. ಏಳೆಂಟು ಜನ, ಹಳೆಯದಾದ ಒಂದು ಕಾರು, ಬಾಡಿಗೆಗೆ ಪಡೆದ ಅಥವಾ ಯಾರದೋ ಮನೆಯ ಹಿಂದಿರುವ ಒಂದು ಗ್ಯಾರೇಜು, ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ ಸಿಗುವ ಸಂಜೆಗಳು. ರೇಸಿನ ದಿನ ಕಾರು ಟ್ರ್ಯಾಕಿನ ಮೇಲಿರುವುದು ಕೆಲವೇ ಗಂಟೆಗಳ ಕಾಲ, ಅದಕ್ಕೆ ಮೊದಲು ಗ್ಯಾರೇಜಿನ ದೀಪದಡಿ ಅದರ ಸುತ್ತ ಕಳೆದ ಗಂಟೆಗಳನ್ನು ಲೆಕ್ಕ ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ. ದೊಡ್ಡ ತಂಡದಲ್ಲಿ ಗೇರ್‌ಬಾಕ್ಸಿಗೆ ಒಬ್ಬ, ಬ್ರೇಕಿಗೆ ಒಬ್ಬ, ಕಂಪ್ಯೂಟರಿನಲ್ಲಿ ಬರುವ ಅಂಕಿಗಳನ್ನು ನೋಡುವುದಕ್ಕೇ ಹಲವರು ಇರುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಬ್ರೇಕಿನ ಎಣ್ಣೆ ಬದಲಿಸಿದವನೇ ಮಧ್ಯಾಹ್ನ ಜಾಕಿ ಹಿಡಿಯುತ್ತಾನೆ, ಸಂಜೆ ಟ್ರೇಲರ್ ಓಡಿಸಿಕೊಂಡು ಮನೆಗೆ ಹೋಗುತ್ತಾನೆ, ಮರುದಿನ ಬೆಳಿಗ್ಗೆ ಕಣ್ಣುಜ್ಜಿಕೊಂಡು ತನ್ನ ಕೆಲಸಕ್ಕೂ ಹಾಜರಾಗುತ್ತಾನೆ. ದಣಿದ ಕೈಗಳಿಂದ ಕೆಲಸ ನಡೆಯುವ ಜಾಗ ಇದು. ದಣಿದ ಕೈ ತಪ್ಪುವುದು ಸಹಜ. ಆ ತಪ್ಪನ್ನು ಇನ್ನೊಂದು ಜೊತೆ ಕಣ್ಣು ಹಿಡಿಯಬೇಕು, ಹಿಡಿದ ಮೇಲೆ ಆ ಕಣ್ಣಿನವರು ಬಾಯಿ ಬಿಟ್ಟು ಹೇಳುವಷ್ಟು ಧೈರ್ಯ ಅವರಿಗಿರಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಇಲ್ಲಿ ಒಂದು ಘಟನೆಯನ್ನು ಹೇಳಲೇಬೇಕು. ಕೇಳಿದವರು ಮತ್ತೊಮ್ಮೆ ಕೇಳಿ, ಏಕೆಂದರೆ ಪ್ರತಿ ಸಲವೂ ಇದರ ಒಂದಿಷ್ಟು ವಿವರ ಬಿಟ್ಟುಹೋಗುತ್ತದೆ, ಇಂದು ಬಿಡುವುದಿಲ್ಲ.

ನಮ್ಮ ತಂಡದಲ್ಲಿ ನಿವೃತ್ತರಾದ ಗಣಿತದ ಮೇಷ್ಟ್ರು ಒಬ್ಬರಿದ್ದಾರೆ. ಅವರಿಗೆ ಕಾರು ಓಡಿಸುವ ಆಸೆ ಒಂದು ದಿನಕ್ಕೂ ಬಂದದ್ದಿಲ್ಲ. ಮೊಮ್ಮಗನ ಜೊತೆ ರೇಸು ನೋಡಲು ಬಂದವರು ಟ್ರ್ಯಾಕಿನ ಬದಿಯಲ್ಲಿ ಕಾರು ಸಿದ್ಧಪಡಿಸುವ ನಮ್ಮ ಪಿಟ್ಟಿನಲ್ಲಿ ಸುತ್ತುಗಳ, ಎಂದರೆ ಲ್ಯಾಪುಗಳ, ಲೆಕ್ಕ ಬರೆಯುವವರಿಲ್ಲದ್ದನ್ನು ಕಂಡು ಪೆನ್ಸಿಲು ಕೇಳಿ ಪಡೆದು ಕುಳಿತರು, ಇಂದಿನವರೆಗೂ ಎದ್ದಿಲ್ಲ. ಮೊಮ್ಮಗನಿಗೆ ಈಗ ಕ್ರಿಕೆಟ್ಟಿನ ಹುಚ್ಚು, ಅಜ್ಜ ಮಾತ್ರ ನಮ್ಮವರಾಗಿಯೇ ಉಳಿದರು. ಪ್ರತಿ ಲ್ಯಾಪಿನ ಸಮಯ, ಯಾರು ಓಡಿಸುತ್ತಿದ್ದಾರೆ, ಆಕಾಶ ಹೇಗಿದೆ, ಟ್ಯಾಂಕಿಗೆ ಎಷ್ಟು ಪೆಟ್ರೋಲು ಹೋಯಿತು ಎಂಬುದೆಲ್ಲ ಅವರ ಉದ್ದ ಹಾಳೆಗಳಲ್ಲಿ ಗೆರೆ ಎಳೆದು ಬರೆದಿರುತ್ತದೆ. ಪೆಟ್ರೋಲನ್ನು ಕ್ಯಾನಿನ ಮೇಲಿನ ಗುರುತು ನೋಡಿ ಅಳೆಯುವುದನ್ನು ಅವರು ಒಪ್ಪುವುದಿಲ್ಲ. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋಗೂ ಕೊಂಚ ಕಡಿಮೆ ತೂಗುತ್ತದೆ, ಆದ್ದರಿಂದ ಸುರಿಯುವ ಮೊದಲು ಒಮ್ಮೆ, ಸುರಿದ ಮೇಲೆ ಒಮ್ಮೆ ಕ್ಯಾನನ್ನು ತೂಕಕ್ಕೆ ಇಟ್ಟರೆ ಮೋಸವಿಲ್ಲದ ಲೆಕ್ಕ ಸಿಗುತ್ತದೆ ಎಂಬುದು ಅವರ ಪಟ್ಟು. ಮೊದಮೊದಲು ಹುಡುಗರು ಇದನ್ನು ಮೇಷ್ಟ್ರ ಗೀಳು ಎಂದುಕೊಂಡಿದ್ದರು.

ಅದು ಆರು ಗಂಟೆಗಳ ರೇಸು. ಲ್ಯಾಪಿಗೆ ಹೆಚ್ಚುಕಡಿಮೆ 2 ನಿಮಿಷ, ಲ್ಯಾಪಿಗೆ ಹೆಚ್ಚುಕಡಿಮೆ 1 ಲೀಟರು. 40 ಲ್ಯಾಪಿಗೊಮ್ಮೆ ಕಾರು ಒಳಗೆ ಬರುವುದು, ಚಾಲಕರು ಬದಲಾಗುವುದು, ಟ್ಯಾಂಕು ತುಂಬಿಸುವುದು, ಇಷ್ಟು ಯೋಜನೆ. ಮೊದಲ ಸರದಿ ಮುಗಿದಾಗ ಟ್ಯಾಂಕು ತುಂಬಲು 40 ಲೀಟರು ಹಿಡಿಯಿತು, ಎಲ್ಲರಿಗೂ ಸಂತೋಷ. ಎರಡನೆಯ ಸರದಿ ಮುಗಿದಾಗ ನಾವು ನಮ್ಮ ದರ್ಜೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದೆವು, ಮುಂದಿನ ಕಾರು ಕಣ್ಣಳತೆಯಲ್ಲೇ ಇತ್ತು. ಟ್ಯಾಂಕು ತುಂಬಿಸಿ ಆಯಿತು, ಮೂರನೆಯ ಚಾಲಕನ ಬೆಲ್ಟು ಬಿಗಿದಾಯಿತು. ಅಷ್ಟರಲ್ಲಿ ಮೇಷ್ಟ್ರು ತಮ್ಮ ಸ್ಟೂಲಿನಿಂದ ಎದ್ದು ಬಂದು ಕಾರಿನ ಮುಂದೆ ನಿಂತು, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಈ ಕಾರು ಹೋಗಬಾರದು" ಎಂದರು.

ಪಿಟ್ಟಿನಲ್ಲಿ ಅಂಥ ಹೊತ್ತಿನಲ್ಲಿ ಆಗುವ ಗದ್ದಲವನ್ನು ನೀವು ಬಲ್ಲಿರಿ. ಏನಾಯಿತು ಮೇಷ್ಟ್ರೇ, ಏನಾಯಿತು ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಅವರು ಹಾಳೆ ತೋರಿಸಿದರು. ಲ್ಯಾಪುಗಳು ಅಷ್ಟೇ 40, ಆದರೆ ಟ್ಯಾಂಕಿಗೆ ಹಿಡಿದದ್ದು ನಲವತ್ತಮೂರೂವರೆ ಲೀಟರು. ನಮ್ಮ ನಾಯಕ ತಕ್ಷಣ ಉತ್ತರ ಕೊಟ್ಟರು: "ಹುಡುಗ ಜೋರಾಗಿ ತುಳಿದಿದ್ದಾನೆ ಮೇಷ್ಟ್ರೇ, ಅದಕ್ಕೇ ಹೆಚ್ಚು ಕುಡಿದಿದೆ." ಮೇಷ್ಟ್ರು ಇನ್ನೊಂದು ಕಂಬಸಾಲಿಗೆ ಬೆರಳಿಟ್ಟು, "ಜೋರಾಗಿ ತುಳಿದಿದ್ದರೆ ಲ್ಯಾಪಿನ ಸಮಯ ಇಳಿಯಬೇಕಿತ್ತಲ್ಲಪ್ಪ, ಇಳಿದಿಲ್ಲ. ಕಾರು ಕುಡಿಯದೇ ಇದ್ದ ಪೆಟ್ರೋಲು ಬೇರೆ ಎಲ್ಲಿಗೋ ಹೋಗಿದೆ. ಎಲ್ಲಿಗೆ ಎಂದು ನನಗೆ ಗೊತ್ತಿಲ್ಲ, ಅದು ನಿಮ್ಮ ಕೆಲಸ" ಎಂದರು.

ಕಾರನ್ನು ಪೆಟ್ರೋಲು ತುಂಬಿಸುವ ಜಾಗದಿಂದ ತಳ್ಳಿಕೊಂಡು ಬಂದು ನಮ್ಮ ಪಿಟ್ಟಿನಲ್ಲಿ ಎತ್ತಿ ನಿಲ್ಲಿಸಿದೆವು. ಕೆಳಗೆ ಒಂದು ಹನಿಯೂ ಕಾಣಲಿಲ್ಲ. ಟ್ಯಾಂಕು ಒಣಗಿತ್ತು, ಕೊಳವೆ ಒಣಗಿತ್ತು. ಮೇಷ್ಟ್ರು ಕೂಡಿಸಿದ್ದು ತಪ್ಪಿರಬೇಕು ಎಂದು ಯಾರೋ ಗೊಣಗಿದರು, ಗಣಿತ ಕಲಿಸಿದವರಿಗೆ ಆಗ ಹೇಗನ್ನಿಸಿತೋ, ಅವರ ಮುಖ ಮಾತ್ರ ಕದಲಲಿಲ್ಲ. ಆಗ ಅಂದಷ್ಟೇ ತಂಡಕ್ಕೆ ಸೇರಿದ್ದ, ಗಾಜು ಒರೆಸುವ ಕೆಲಸವನ್ನಷ್ಟೇ ವಹಿಸಿಕೊಂಡಿದ್ದ ಹುಡುಗಿಯೊಬ್ಬಳು, "ಇಂಜಿನ್ ಆಫ್ ಇದ್ದಾಗ ಪೆಟ್ರೋಲು ತಳ್ಳುವ ಪಂಪೂ ನಿಂತಿರುತ್ತದಲ್ಲವೇ, ಪಂಪು ಓಡಿಸಿ ನೋಡಬಾರದೇ?" ಎಂದು ಕೇಳಿದಳು. ಬೆಂಕಿ ಆರಿಸುವ ಸಿಲಿಂಡರನ್ನು ಹಿಡಿದು ಒಬ್ಬ ಪಕ್ಕದಲ್ಲಿ ನಿಂತ, ಚಾಲಕನನ್ನು ಇಳಿಸಿದೆವು, ಇಂಜಿನ್ ಹೊತ್ತಿಸದೆ ಪಂಪನ್ನು ಮಾತ್ರ ಓಡಿಸಿದೆವು. ಟಾರ್ಚಿನ ಬೆಳಕನ್ನು ಓರೆಯಾಗಿ ಹಿಡಿದಾಗ ಕಂಡಿತು. ಇಂಜೆಕ್ಟರುಗಳಿಗೆ ಪೆಟ್ರೋಲು ಒಯ್ಯುವ ರಬ್ಬರ್ ಹೋಸಿನ ತುದಿಯಲ್ಲಿ ಬಿಗಿದಿದ್ದ ಕ್ಲಿಪ್ಪು ಸಡಿಲಾಗಿ, ಅದರ ಅಂಚಿನಿಂದ ನೂಲಿನಷ್ಟು ತೆಳ್ಳಗಿನ ಪೆಟ್ರೋಲಿನ ಎಳೆಯೊಂದು ಚಿಮ್ಮುತ್ತಿತ್ತು. ಕಾರು ಓಡುವಾಗ ಗಾಳಿಗೂ ಇಂಜಿನ್ನಿನ ಶಾಖಕ್ಕೂ ಅದು ಆವಿಯಾಗಿ ಹೋಗುತ್ತಿತ್ತು, ಇಂಜಿನ್ ನಿಂತ ಕೂಡಲೇ ಒತ್ತಡ ಇಳಿದು ಸೋರಿಕೆಯೂ ನಿಲ್ಲುತ್ತಿತ್ತು. ಪಿಟ್ಟಿನಲ್ಲಿ ಹೇಗೂ ಪೆಟ್ರೋಲಿನ ವಾಸನೆ ಇದ್ದೇ ಇರುವುದರಿಂದ ಯಾರ ಮೂಗೂ ಎಚ್ಚರಿಸಲಿಲ್ಲ. ಆ ಎಳೆಗೂ ಕಾದು ಕೆಂಪಾಗುವ ಸೈಲೆನ್ಸರ್ ಕೊಳವೆಗೂ ನಡುವೆ ಇದ್ದದ್ದು ಇಂಜಿನ್ನಿನ ಅಗಲವಷ್ಟೇ.

ಕ್ಲಿಪ್ಪು ಬದಲಿಸಿ, ಎಲ್ಲ ಒರೆಸಿ, ಮತ್ತೆ ಪಂಪು ಓಡಿಸಿ ನೋಡಿ ಕಳುಹಿಸುವಷ್ಟರಲ್ಲಿ 12 ನಿಮಿಷ ಕಳೆದಿದ್ದವು. ಎಂದರೆ 6 ಲ್ಯಾಪು. ಉಳಿದ ಲ್ಯಾಪುಗಳಲ್ಲಿ ಪ್ರತಿಯೊಂದರಲ್ಲೂ ಚಾಲಕ ಒಂದು ಸೆಕೆಂಡು ಉಳಿಸಿದ್ದರೂ ಕೊನೆಗೆ ಒಂದೂವರೆ ನಿಮಿಷ ಸಿಗುತ್ತಿತ್ತು, ಒಂದು ಲ್ಯಾಪಿಗೂ ಸಾಲದು. ಬಹುಮಾನದ ಮಾತು ಅಲ್ಲಿಗೆ ಮುಗಿಯಿತು. ಆದರೆ ಅಂದು ಸಂಜೆ ಆ ಮೂರನೆಯ ಚಾಲಕ ಹೆಲ್ಮೆಟ್ ತೆಗೆದು ಸೀದಾ ಮೇಷ್ಟ್ರ ಬಳಿ ಹೋಗಿ ಅವರ ಕೈ ಹಿಡಿದುಕೊಂಡು ಕುಳಿತದ್ದನ್ನು ನಾನು ಕಂಡಿದ್ದೇನೆ, ನಮ್ಮ ಗ್ಯಾರೇಜಿನಲ್ಲಿರುವ ಯಾವ ಬಹುಮಾನದ ಬಟ್ಟಲಿಗಿಂತಲೂ ಅದು ನನಗೆ ಹೆಚ್ಚು.

ಈಗ ಯೋಚಿಸಿ. ಹಣ ಹಾಕಿದವರ ಮಾತೇ ನಡೆಯುವ ತಂಡವಾಗಿದ್ದರೆ, ಒಂದು ರೂಪಾಯಿಯನ್ನೂ ಹಾಕದ, ಒಂದು ಲ್ಯಾಪನ್ನೂ ಓಡಿಸದ ಮೇಷ್ಟ್ರು ಎರಡನೆಯ ಸ್ಥಾನದಲ್ಲಿದ್ದ ಕಾರಿನ ಮೇಲೆ ಕೈ ಇಡಬಹುದಿತ್ತೇ? ಇಟ್ಟರೂ ಆ ಕೈಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು? ಅಂದು ಸೇರಿದ ಹುಡುಗಿಗೆ ಬಾಯಿ ತೆರೆಯುವ ಧೈರ್ಯ ಎಲ್ಲಿಂದ ಬರುತ್ತಿತ್ತು? ನಮ್ಮ ನಾಯಕ ವಾದ ಮಾಡಿದರು ನಿಜ, ಆದರೆ ಕಾರು ಕಳುಹಿಸಲಿಲ್ಲ. ನಿಲ್ಲಿಸು ಎಂದವರೇ ಹೋಗಲಿ ಎನ್ನುವವರೆಗೆ ಕಾರು ಕದಲಬಾರದು ಎಂಬ ನಿಯಮ ನಮ್ಮಲ್ಲಿತ್ತು, ಅವರು ಅದಕ್ಕೆ ತಲೆಬಾಗಿದರು. ನಾಯಕತ್ವ ಎಂದು ನಾನು ಕರೆಯುವುದು ಅದನ್ನೇ.

ಬೆಂಕಿಯ ಮಾತು ಬಂದದ್ದರಿಂದ ನೆದರ್ಲೆಂಡ್ಸ್‌ನಲ್ಲಿ ನಡೆದ ಫಾರ್ಮುಲಾ 1 ರೇಸು, 1973ರ ಡಚ್ ಗ್ರ್ಯಾಂಡ್ ಪ್ರಿಯನ್ನು ನೆನಪಿಸುತ್ತೇನೆ. ಜ್ಯಾಂಡ್‌ವೂರ್ಟ್ ಟ್ರ್ಯಾಕಿನಲ್ಲಿ ಜುಲೈ 29ರಂದು ರೋಜರ್ ವಿಲಿಯಮ್‌ಸನ್ ಅವರ ಕಾರು ಮಗುಚಿ ಹೊತ್ತಿಕೊಂಡಿತು. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತಮ್ಮ ಕಾರು ನಿಲ್ಲಿಸಿ, ಟ್ರ್ಯಾಕು ದಾಟಿ ಓಡಿ, ಒಬ್ಬರೇ ಆ ಕಾರನ್ನು ಎತ್ತಿ ತಿರುಗಿಸಲು ಹೆಣಗಿದರು. ಅಲ್ಲಿದ್ದ ಮಾರ್ಷಲುಗಳಿಗೆ, ಎಂದರೆ ಟ್ರ್ಯಾಕಿನ ಬದಿ ನಿಂತು ಸುರಕ್ಷತೆ ನೋಡಿಕೊಳ್ಳುವವರಿಗೆ, ಬೆಂಕಿ ತಡೆಯುವ ಉಡುಪು ಇರಲಿಲ್ಲ. ಉಳಿದ ಚಾಲಕರು ಉರಿಯುವ ಕಾರಿನ ಪಕ್ಕದಲ್ಲಿ ಓಡಾಡುತ್ತಿದ್ದ ಪರ್ಲಿಯವರನ್ನೇ ಆ ಕಾರಿನ ಚಾಲಕರೆಂದು ತಿಳಿದು, ಪಾರಾಗಿದ್ದಾರೆ ಎಂದುಕೊಂಡು ಮುಂದೆ ಹೋದರು. ರೇಸು ನಿಲ್ಲಲಿಲ್ಲ. ವಿಲಿಯಮ್‌ಸನ್ ಉಳಿಯಲಿಲ್ಲ. ಪರ್ಲಿಯವರಿಗೆ ಆಮೇಲೆ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಪದಕ ಕೊಟ್ಟರು. ಆ ಪದಕ ಅವರಿಗೆ ಸಲ್ಲಬೇಕಾದದ್ದೇ, ಆದರೆ ಆ ದಿನ ಬೇಕಾಗಿದ್ದದ್ದು ನಿಲ್ಲಿಸಿ ಎಂಬ ಒಂದು ಮಾತು, ಅದನ್ನು ಹೇಳುವ ಅಧಿಕಾರವಿದ್ದವರು ಹೇಳಲಿಲ್ಲ.

2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ಫಾರ್ಮುಲಾ 1 ಚಾಲಕ ರೊಮೇನ್ ಗ್ರೋಜಾನ್ ಅವರ ಕಾರು ತಡೆಗೋಡೆಯನ್ನು ಸೀಳಿ ಎರಡು ತುಂಡಾಗಿ ಹೊತ್ತಿಕೊಂಡದ್ದನ್ನು ನಿಮ್ಮಲ್ಲಿ ಬಹಳ ಮಂದಿ ಟೀವಿಯಲ್ಲಿ ನೋಡಿದ್ದೀರಿ. ಅರ್ಧ ನಿಮಿಷದ ಹತ್ತಿರ ಬೆಂಕಿಯೊಳಗಿದ್ದ ಅವರು ಕೈಗಳ ಸುಟ್ಟಗಾಯಗಳೊಂದಿಗೆ ಹೊರಗೆ ಬಂದರು. ತಲೆಯ ಮೇಲಿನ ಹ್ಯಾಲೋ ಚೌಕಟ್ಟು, ಬೆಂಕಿ ತಡೆಯುವ ಉಡುಪು, ಮೊದಲ ಲ್ಯಾಪಿನಲ್ಲಿ ಕಾರುಗಳ ಬೆನ್ನಿಗೇ ಬರುವ ವೈದ್ಯಕೀಯ ಕಾರು, ಸಿಲಿಂಡರು ಹಿಡಿದು ಓಡಿ ಬಂದ ಮಾರ್ಷಲ್ ಇವೆಲ್ಲ ಒಟ್ಟಾಗಿ ಒಂದು ಜೀವ ಉಳಿಸಿದವು. ಹ್ಯಾಲೋ ಫಾರ್ಮುಲಾ 1ರಲ್ಲಿ ಕಡ್ಡಾಯವಾದದ್ದು 2018ರಲ್ಲಿ. ಅದು ನೋಡಲು ಅಂದವಾಗಿಲ್ಲ, ರೇಸಿನ ಸೊಗಸು ಹಾಳಾಯಿತು ಎಂದು ಆಗ ಎಷ್ಟು ಮಂದಿ ಆಕ್ಷೇಪಿಸಿದ್ದರು ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಕುತ್ತಿಗೆಗೆ ರಕ್ಷಣೆ ಕೊಡುವ ಹ್ಯಾನ್ಸ್ ಸಾಧನದ ಕಥೆಯೂ ಇಂಥದ್ದೇ. ರಾಬರ್ಟ್ ಹಬರ್ಡ್ ಎಂಬ ಪ್ರಾಧ್ಯಾಪಕರೂ ಅವರ ನೆಂಟರಾದ ರೇಸ್ ಚಾಲಕ ಜಿಮ್ ಡೌನಿಂಗ್ ಅವರೂ 1980ರ ದಶಕದ ಮೊದಲಲ್ಲಿ ಅದನ್ನು ರೂಪಿಸತೊಡಗಿದರು. ಅಪಘಾತದಲ್ಲಿ ಬೆಲ್ಟು ದೇಹವನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಹೆಲ್ಮೆಟ್ಟಿನ ಭಾರವನ್ನೂ ಹೊತ್ತ ತಲೆ ಮುಂದಕ್ಕೆ ಚಿಮ್ಮುತ್ತದೆ, ತಲೆಬುರುಡೆಯ ಬುಡ ಮುರಿಯುತ್ತದೆ. ಹೆಲ್ಮೆಟ್ಟನ್ನು ಬೆಲ್ಟಿನ ಅಡಿಯಲ್ಲಿ ಹೆಗಲ ಮೇಲೆ ಕೂರುವ ಗಟ್ಟಿ ಪಟ್ಟಿಗೆ ಕಟ್ಟಿದರೆ ಆ ಎಳೆತ ಕುತ್ತಿಗೆಗೆ ಬೀಳುವುದಿಲ್ಲ ಎಂಬಷ್ಟು ಸರಳವಾದ ಯೋಚನೆ. ಅದನ್ನು ಹಾಕಿಕೊಳ್ಳಲು ಚಾಲಕರು ವರ್ಷಗಟ್ಟಲೆ ಒಪ್ಪಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾ ಟ್ರ್ಯಾಕಿನಲ್ಲಿ ಅಲ್ಲಿನ ಹೆಸರಾಂತ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಅಪಘಾತದಲ್ಲಿ ತೀರಿಕೊಂಡರು, ಅದೇ ವರ್ಷ ಅಕ್ಟೋಬರಿನಲ್ಲಿ ಆ ರೇಸು ನಡೆಸುವ ಸಂಸ್ಥೆಯಾದ ನ್ಯಾಸ್ಕಾರ್ ಇಂಥ ರಕ್ಷಣೆಯನ್ನು ಕಡ್ಡಾಯಗೊಳಿಸಿತು, ಫಾರ್ಮುಲಾ 1ರಲ್ಲಿ 2003ರಲ್ಲಿ ಕಡ್ಡಾಯವಾಯಿತು. ಹಾಗಿದ್ದೂ, ಬರೀ ಅಭ್ಯಾಸ ಓಟ ತಾನೇ ಎಂದು ಇದನ್ನು ಚೀಲದಲ್ಲೇ ಬಿಟ್ಟು ಕಾರು ಹತ್ತುವವರನ್ನು ನಾನು ಈಗಲೂ ನೋಡುತ್ತೇನೆ. ಅಂಥವರನ್ನು ಇಳಿಸಿ. ಕಾರು ಅವರದೇ ಆಗಿದ್ದರೂ ಇಳಿಸಿ.

ಇನ್ನು ನೀವು ಕೇಳಲು ಬಂದ ವಿಷಯಕ್ಕೆ ಬರುತ್ತೇನೆ, ಅಲ್ಲಿಯೂ ನನ್ನ ವಾದ ಬಿಡುವುದಿಲ್ಲ.

ಬ್ರೇಕಿನಿಂದ ಶುರು ಮಾಡೋಣ. ಗಂಟೆಗೆ 180 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 50 ಮೀಟರ್. 1,000 ಕಿಲೋ ತೂಕದ ಕಾರನ್ನು ಆ ವೇಗದಿಂದ ಅರ್ಧಕ್ಕೆ ಇಳಿಸುವಾಗ ಅದರ ಚಲನಶಕ್ತಿಯ ಮುಕ್ಕಾಲು ಭಾಗ ಹೋಗಬೇಕು. ಅದು ಹೆಚ್ಚಿನ ಪಾಲು ಶಾಖವಾಗಿ ಬ್ರೇಕಿನ ಡಿಸ್ಕುಗಳಿಗೆ ಸೇರುತ್ತದೆ. ಸಾಧಾರಣ ಕಾರಿನ ಡಿಸ್ಕುಗಳು ಒಂದೇ ಬಾರಿಗೆ ಎಂಬತ್ತು ಡಿಗ್ರಿಯಷ್ಟು ಕಾಯುತ್ತವೆ, ತಣಿಯುವ ಮೊದಲೇ ಮುಂದಿನ ತಿರುವು ಬರುತ್ತದೆ. ಈ ಶಾಖ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಮೂಲಕ ಬ್ರೇಕ್ ಎಣ್ಣೆಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು ಎಂಬುದು ಮಾನದಂಡ. ಆದರೆ ಆ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುವ ಜಾತಿಯದು, ತೇವ ಹೀರಿದ ಎಣ್ಣೆಗೆ ಅದೇ ಮಾನದಂಡ ಕೇಳುವುದು 155 ಡಿಗ್ರಿಯನ್ನಷ್ಟೇ. ಕುದಿದ ಎಣ್ಣೆಯಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಅದುಮಿಸಿಕೊಳ್ಳುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹೀಗಾಗಿ ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆಯದ ತಂಡದಲ್ಲಿ ಚಾಲಕನ ಜಾಣ್ಮೆಗೆ ಬೆಲೆಯೇ ಇಲ್ಲ. ಆ ದಿನಾಂಕವನ್ನು ಬರೆಯುವವರು ಯಾರು? ಚಾಲಕನಲ್ಲ. ಗ್ಯಾರೇಜಿನ ಮೂಲೆಯಲ್ಲಿ ಕೆಲಸ ಮಾಡುವ, ಫೋಟೋದಲ್ಲಿ ಕಾಣಿಸದ ಒಬ್ಬರು.

ಚಕ್ರದ ನಟ್ಟುಗಳೂ ಹಾಗೆಯೇ. ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚಿನಲ್ಲಿ ಬಿಗಿದು, ಕೆಲವು ಲ್ಯಾಪು ಓಡಿ ಬಂದ ಮೇಲೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ಕಾದು ತಣಿದ ಲೋಹ ತನ್ನ ಜಾಗದಲ್ಲಿ ಕೂತುಕೊಳ್ಳುವಾಗ ಬಿಗಿ ಇಳಿಯಬಹುದು. ನಮ್ಮಲ್ಲಿ ಒಬ್ಬರು ಬಿಗಿಯುತ್ತಾರೆ, ಇನ್ನೊಬ್ಬರು ನೋಡಿ ಪ್ರತಿ ನಟ್ಟಿನಿಂದ ಚಕ್ರದವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾರೆ, ಹಾಳೆಯಲ್ಲಿ ಇಬ್ಬರ ಸಹಿಯೂ ಬೀಳುತ್ತದೆ. ನಟ್ಟು ತಿರುಗಿದ್ದರೆ ಗೆರೆ ಮುರಿದಿರುತ್ತದೆ, ಬಗ್ಗಿ ನೋಡಿದ ಯಾರಿಗೇ ಆದರೂ ಕಾಣುತ್ತದೆ. ಸಹಿ ಹಾಕುವುದು ತಪ್ಪಿತಸ್ಥರನ್ನು ಹುಡುಕಲಿಕ್ಕಲ್ಲ. ಸಹಿ ಹಾಕಬೇಕಾದ ಕೈ ಕ್ಷಣಕಾಲ ತಡೆದು, ನಾನು ನಿಜವಾಗಿ ನೋಡಿದೆನೇ ಎಂದು ಕೇಳಿಕೊಳ್ಳುತ್ತದೆ, ಆ ತಡೆಯೇ ನಮಗೆ ಬೇಕು. ನಮ್ಮ ಇಡೀ ತಂಡ ಬದುಕಿರುವುದು ಆ ಕ್ಷಣಕಾಲದ ತಡೆಯಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿ ಕೆಲವರು ದೊಡ್ಡವರ ಹೆಸರು ತೆಗೆಯುತ್ತಾರೆ. ಕಾಲಿನ್ ಚಾಪ್‌ಮನ್ 1948ರಲ್ಲಿ ಆಸ್ಟಿನ್ ಸೆವೆನ್ ಎಂಬ ಹಳೆಯ ಸಣ್ಣ ಕಾರೊಂದನ್ನು ಬಿಚ್ಚಿ ತಮ್ಮ ಮೊದಲ ಕಾರು ಕಟ್ಟಿದರು, ಆಮೇಲೆ ಅದರಿಂದಲೇ ಲೋಟಸ್ ಎಂಬ ಕಾರು ಕಂಪನಿ ಬೆಳೆಯಿತು. ಬ್ರೂಸ್ ಮೆಕ್ಲಾರೆನ್ ಹದಿಹರೆಯದಲ್ಲಿ ಓಡಿಸಿದ್ದೂ ಆಸ್ಟಿನ್ ಸೆವೆನ್ನನ್ನೇ, 1963ರಲ್ಲಿ ಅವರ ಹೆಸರಿನ ತಂಡ ಹುಟ್ಟಿತು. ಒಬ್ಬನ ಛಲವಿದ್ದರೆ ಸಾಕು, ಉಳಿದವರು ಹಿಂದೆ ಬರುತ್ತಾರೆ ಎಂಬುದಕ್ಕೆ ಇವರು ಸಾಕ್ಷಿ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಾವು ಓಡಿಸುವ ಕಾರಿನ ಬೋಲ್ಟುಗಳ ಪರಿಚಯ ತಮ್ಮ ಬೆರಳುಗಳಿಗೇ ಇದ್ದವರು ಅವರು. ಹಣ ಕೊಟ್ಟು, ಸಿದ್ಧವಾದ ಕಾರಿನ ಬಾಗಿಲು ತೆರೆದು ಕೂರುವವರಿಗೆ ಅವರ ಹೆಸರನ್ನು ಆಧಾರವಾಗಿ ಕೊಡುವುದು ಅವರಿಗೇ ಮಾಡುವ ಅನ್ಯಾಯ.

ಹಣದ ವಿಷಯವನ್ನು ತೇಲಿಸಿ ಹೋಗಲು ನನಗೆ ಇಷ್ಟವಿಲ್ಲ, ಏಕೆಂದರೆ ನಾನು ಕಂಡ ಸಣ್ಣ ತಂಡಗಳಲ್ಲಿ ಹೆಚ್ಚಿನವು ಒಡೆದದ್ದು ಅಪಘಾತದಿಂದಲ್ಲ, ಅಪಘಾತದ ಮರುದಿನ ಬಂದ ಖರ್ಚಿನಿಂದ. ಕೆಡಿಸಿದವನೇ ಕಟ್ಟಿಕೊಡಲಿ ಎನ್ನುವ ತಂಡಗಳಿವೆ. ಅದು ನ್ಯಾಯವಾಗಿ ಕಾಣುತ್ತದೆ. ಆದರೆ ಅಂಥ ತಂಡದಲ್ಲಿ ಚಾಲಕ ಗೋಡೆಗೆ ಕೊಂಚ ತಾಗಿಸಿಕೊಂಡರೆ ಹೇಳುವುದಿಲ್ಲ, ಗೇರು ಬದಲಿಸುವಾಗ ಇಂಜಿನ್ನನ್ನು ಮಿತಿಮೀರಿ ತಿರುಗಿಸಿದ್ದರೆ ಬಾಯಿ ಬಿಡುವುದಿಲ್ಲ. ಮುಚ್ಚಿಟ್ಟ ಆ ತಪ್ಪಿನ ಮೇಲೆ ಮುಂದಿನ ಚಾಲಕ ಹತ್ತಿ ಕೂರುತ್ತಾನೆ. ನಾವು ಬಹಳ ಚರ್ಚೆಯ ನಂತರ ಬೇರೆ ದಾರಿ ಹಿಡಿದೆವು: ರೇಸಿನಲ್ಲಿ ಆದ ಹಾನಿ ಎಲ್ಲರದು, ಋತುವಿನ ಆರಂಭದಲ್ಲೇ ಅದಕ್ಕೆಂದು ಎಲ್ಲರೂ ಒಂದಿಷ್ಟು ಎತ್ತಿಡಬೇಕು, ಮುಚ್ಚಿಟ್ಟ ಹಾನಿ ಮಾತ್ರ ಮುಚ್ಚಿಟ್ಟವನದು. ಈ ಏರ್ಪಾಡಿನಲ್ಲಿ ಎಚ್ಚರವಿಲ್ಲದೆ ಓಡಿಸುವವನಿಗೆ ಸಲುಗೆ ಸಿಗುತ್ತದೆಂದು ಆಕ್ಷೇಪಿಸಬಹುದು. ಸಿಗುತ್ತದೆ, ಒಂದೆರಡು ರೇಸಿನವರೆಗೆ. ಆಮೇಲೆ ಅವನಿಗೆ ಸೀಟು ಸಿಗುವುದಿಲ್ಲ. ಯಾರು ಎಷ್ಟು ಹೊತ್ತು ಓಡಿಸಬೇಕು ಎಂಬುದನ್ನೂ ಬರೆದಿಡಿ. ಸ್ನೇಹಿತರ ನಡುವೆ ಕಾಗದವೇಕೆ ಎನ್ನಬೇಡಿ, ಸ್ನೇಹ ಉಳಿಯಲಿ ಎಂದೇ ಕಾಗದ.

ಅಧ್ಯಕ್ಷರು ಗಡಿಯಾರದ ಕಡೆ ನೋಡುತ್ತಿದ್ದಾರೆ, ಅವರನ್ನು ದೂರುವಂತಿಲ್ಲ, ನನಗೆ ಕೊಟ್ಟ ಸಮಯದಲ್ಲಿ ಹೆಚ್ಚಿನ ಪಾಲನ್ನು ಮೇಷ್ಟ್ರೇ ತೆಗೆದುಕೊಂಡಿದ್ದಾರೆ. ಉಳಿದದ್ದನ್ನು ಬೇಗಬೇಗ ಹೇಳುತ್ತೇನೆ.

ಟೈರಿನ ಗಾಳಿಯನ್ನು ತಣ್ಣಗಿರುವಾಗ ಅಳೆದು ತೃಪ್ತರಾಗಬೇಡಿ, ಕಾದಾಗ ಒತ್ತಡ ಏರುತ್ತದೆ, ನಿಮಗೆ ಬೇಕಾದದ್ದು ಓಡುವಾಗಿನ ಒತ್ತಡ. ಕಾರು ಒಳಗೆ ಬಂದ ಕೂಡಲೇ ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರರಲ್ಲೂ ಶಾಖ ಅಳೆದು ಬರೆಯಿರಿ. ನಡು ಹೆಚ್ಚು ಕಾದಿದ್ದರೆ ಗಾಳಿ ಹೆಚ್ಚಾಗಿದೆ, ಅಂಚುಗಳೆರಡೂ ಹೆಚ್ಚು ಕಾದಿದ್ದರೆ ಗಾಳಿ ಸಾಲದು. ಇಷ್ಟನ್ನು ಶಿಸ್ತಿನಿಂದ ಮಾಡಿದರೆ, ದುಬಾರಿ ಭಾಗಗಳಿಗೆ ಸುರಿಯುವ ಹಣದಿಂದ ಸಿಗದ ವೇಗ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮಾರ್ಷಲುಗಳ ಬಗ್ಗೆ ಎರಡು ಮಾತು. ಬಿಸಿಲಿನಲ್ಲಿ, ಮಳೆಯಲ್ಲಿ ತಿರುವಿನ ಬದಿಗೆ ಬಾವುಟ ಹಿಡಿದು ನಿಲ್ಲುವವರು ಬಹುಪಾಲು ನಮ್ಮ ಹಾಗೆಯೇ ಹವ್ಯಾಸಕ್ಕೆ ಬಂದ ಸ್ವಯಂಸೇವಕರು. ಮುಂದೆ ಅಪಾಯವಿದೆ ಎನ್ನುವ ಹಳದಿ ಬಾವುಟ ಕಂಡೂ ಆಕ್ಸಲೇಟರಿನಿಂದ ಕಾಲು ತೆಗೆಯದ ಚಾಲಕ, ಟ್ರ್ಯಾಕಿಗಿಳಿದು ಇನ್ನೊಬ್ಬರ ಕಾರು ತಳ್ಳುತ್ತಿರುವ ಮಾರ್ಷಲಿನ ಪ್ರಾಣವನ್ನು ಪಣಕ್ಕಿಡುತ್ತಾನೆ. ಕಪ್ಪು ಬಾವುಟದ ಮೇಲಿನ ಕಿತ್ತಳೆ ವೃತ್ತ ಕಂಡರೆ ನಿಮ್ಮ ಕಾರಿನಲ್ಲಿ ದೋಷವಿದೆ, ಒಳಗೆ ಬನ್ನಿ ಎಂದರ್ಥ. ಅದು ಕೂಡ ಹೊರಗಿನ ಕಣ್ಣೊಂದು ನಿಮ್ಮ ಪರವಾಗಿ ಚಲಾಯಿಸುವ ನಿಲ್ಲಿಸುವ ಹಕ್ಕೇ, ಅದಕ್ಕೆ ಸಿಟ್ಟಾಗಬೇಡಿ. ಪ್ರತಿ ತಂಡವೂ ತಾನು ಓಡದ ದಿನಗಳಲ್ಲಿ ಇಬ್ಬರನ್ನು ಮಾರ್ಷಲ್ ಕೆಲಸಕ್ಕೆ ಕಳುಹಿಸಬೇಕೆಂದು ಈ ಸಭೆಯನ್ನು ಕೇಳಿಕೊಳ್ಳುತ್ತೇನೆ. ಚಾಲಕರನ್ನೇ ಕಳುಹಿಸಿದರೆ ಇನ್ನೂ ಒಳ್ಳೆಯದು. ಒಂದು ದಿನ ತಡೆಗೋಡೆಯ ಹಿಂದೆ ನಿಂತು ಕಾರುಗಳು ಹಾದುಹೋಗುವುದನ್ನು ನೋಡಿದವರು ಹಳದಿ ಬಾವುಟವನ್ನು ಮತ್ತೆಂದೂ ಕಡೆಗಣಿಸುವುದಿಲ್ಲ.

ರಾತ್ರಿ ರೇಸು, ಮಳೆಯ ಟೈರು, ಮನೆಯವರ ಸಹನೆ ಇವುಗಳ ಬಗ್ಗೆ ಬರೆದುಕೊಂಡು ಬಂದಿದ್ದೆ, ಸಮಯವಿಲ್ಲ. ಮನೆಯವರ ಬಗ್ಗೆ ಇಷ್ಟು ಹೇಳಬಲ್ಲೆ: ಅವರಿಗೆ ರೇಸಿನ ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಕೊಟ್ಟುಬಿಡಿ, ಹಿಂದಿನ ರಾತ್ರಿ ಕೊಡಬೇಡಿ.

ತಂಡ ಕಟ್ಟುವವರಿಗೆ ಕೊನೆಯದಾಗಿ ಒಂದು ಸೂಚನೆ. ಮೊದಲ ಸಭೆಯಲ್ಲಿ ಚಾಲಕರು ಯಾರೆಂಬ ಚರ್ಚೆ ಎತ್ತಿಕೊಳ್ಳಬೇಡಿ. ಪಟ್ಟಿ ಬರೆಯುವವರು ಯಾರು, ಪೆಟ್ರೋಲು ತೂಗುವವರು ಯಾರು, ನಟ್ಟು ಬಿಗಿಯುವವರು ಯಾರು, ಅದನ್ನು ಮತ್ತೆ ನೋಡುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿ. ನಿಲ್ಲಿಸುವ ಹಕ್ಕು ಎಲ್ಲರಿಗೂ ಇದೆ ಎಂಬುದನ್ನು ಬರೆದು, ಹಣ ಹಾಕುವವರ ಸಹಿಯನ್ನು ಅದರ ಕೆಳಗೆ ಮೊದಲು ಪಡೆಯಿರಿ. ಸಹಿ ಹಾಕಲು ಅವರು ಒಪ್ಪದಿದ್ದರೆ ಆ ಹಣ ಬೇಡ ಎನ್ನಿ, ಇನ್ನೊಂದು ವರ್ಷ ಕಾಯಿರಿ. ನಮ್ಮ ತಂಡ ಬಳಸುವ ತಪಾಸಣೆಯ ಪಟ್ಟಿಯ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ, ಬೇಕಾದವರು ತೆಗೆದುಕೊಂಡು ನಿಮ್ಮ ಕಾರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಪ್ರಶ್ನೆಗಳಿದ್ದರೆ ಈಗ ಕೇಳಿ. ಲೆಕ್ಕಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ದಯವಿಟ್ಟು ಮೂರನೆಯ ಸಾಲಿನಲ್ಲಿ ಕುಳಿತಿರುವ ಮೇಷ್ಟ್ರಿಗೇ ಕೇಳಿ, ಉತ್ತರಿಸಲು ಅವರು ಒಪ್ಪಿದ್ದಾರೆ.